ತುಂಗಭದ್ರೆಯ ಗಡಿಸೀಮೆ, ಬಾಸೆಲ್ ಮಿಷನ್ ಮತ್ತು ಲೆಕ್ಕಕ್ಕೆ ಸಿಗದ ಸ್ವಿಸ್ ಹೆಣ್ಣುಮಕ್ಕಳು

ಸಿಂಗಟಾಲೂರಿನಲ್ಲಿ ಹೊಳೆ ದಾಟಿದರೆ ಇಂದು ಜಿಲ್ಲೆ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಸರಕಾರದ ಆಡಳಿತವೇ ಬದಲಾಗುತ್ತಿತ್ತು. ಮುಂಡರಗಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು, ಆಚೆ ದಂಡೆಯ ಹಡಗಲಿ ಮದ್ರಾಸಿನ ಬಳ್ಳಾರಿಗೆ. ಮೂಡಲಿಗೆ ಕೊಪ್ಪಳ ನಿಜಾಮನದು, ಪಡುವಲಿಗೆ ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು. ಇಂಥ ಗಡಿಸೀಮೆಯಲ್ಲೇ 1841ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಗದಗಿನ ಬಳಿಯ ಬೆಟಗೇರಿಯಲ್ಲಿ ಠಾಣೆ ಹೂಡಿತು. ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೂ ಕಟ್ಟಿತು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಪಂಗಡಗಳು ಹೊಸ ಧರ್ಮಕ್ಕೆ ಬರುತ್ತವೆ, ಬಂದವರಿಗೆ ಊರು-ಹೊಲ ಬೇಕು ಎಂಬುದು ಲೆಕ್ಕಾಚಾರ. ಜನ ಎಣಿಸಿದಷ್ಟು ಬರಲಿಲ್ಲ, ವಸಾಹತು ಬೆಳೆಯಲಿಲ್ಲ. ಚರಿತ್ರೆಕಾರರು ಅದನ್ನು ಸೋತ ಪ್ರಯೋಗವೆಂದು ಬರೆದು ಮುಂದೆ ಹೋಗಿದ್ದಾರೆ. ಆ ತೀರ್ಪು ಅರ್ಧ ಮಾತ್ರ ಸರಿ. ಹೊಲವನ್ನೂ ದೀಕ್ಷೆ ಪಡೆದ ತಲೆಗಳನ್ನೂ ಎಣಿಸುವ ಅಳತೆಗೋಲು ಮಿಷನ್ನಿನ ಗಂಡಸರದು. ಬಂಗಲೆಯ ಒಳಗೆ ನಡೆದ ದುಡಿಮೆ ಅದಕ್ಕೆ ಸಿಕ್ಕುವುದೇ ಇಲ್ಲ.

ಆ ದುಡಿಮೆ ಎಂಥದೆಂದು ತಿಳಿಯಲು ಹೆಚ್ಚು ದಾಖಲೆಯುಳ್ಳ ಬದುಕು ಜೂಲಿ ಡುಬೋವಾಳದು. 1809ರಲ್ಲಿ ಸ್ವಿಟ್ಜರ್‌ಲೆಂಡಿನ ನೊಶಾಟೆಲ್ ಸೀಮೆಯ ಕೋರ್ಸೆಲ್ ಎಂಬ ಊರಲ್ಲಿ ಹುಟ್ಟಿದ ಆಕೆಯ ಮನೆಮಾತು ಫ್ರೆಂಚ್. 1836ರಲ್ಲಿ ಇಂಗ್ಲಿಷ್ ಮಿಷನರಿ ಆಂಥನಿ ನಾರಿಸ್ ಗ್ರೋವ್ಸ್‌ನ ತಂಡದೊಡನೆ ಮದ್ರಾಸಿಗೆ ಬಂದಳು. ಗಮನಿಸಬೇಕಾದದ್ದು, ಆಗ ಆಕೆ ಯಾರ ಹೆಂಡತಿಯೂ ಅಲ್ಲ. ಧರ್ಮಸೇವೆಗೆಂದು ತಾನಾಗಿ ಹೊರಟು ಬಂದ ಹೆಣ್ಣು. ಅದೇ ತಂಡದ ಹರ್ಮನ್ ಗುಂಡರ್ಟನನ್ನು 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾದಳು. ಆ ವರ್ಷದ ಕೊನೆಗೆ ಇಬ್ಬರೂ ಮಂಗಳೂರು ಮುಟ್ಟಿ ಬಾಸೆಲ್ ಮಿಷನ್ ಸೇರಿದರು; 1839ರಲ್ಲಿ ಮಲಬಾರಿನ ತಲಶ್ಶೇರಿಯ ಇಲ್ಲಿಕುನ್ನಿನ ಬಂಗಲೆಯಲ್ಲಿ ನೆಲೆಯಾದರು. ಅಲ್ಲಿಂದ ದಾಖಲೆಯಲ್ಲಿ ಆತ ಮಿಷನರಿ, ಈಕೆ ಮಿಷನರಿಯ ಹೆಂಡತಿ. ಹೆಣ್ಣುಮಕ್ಕಳ ಶಾಲೆ ನಡೆಸಿದವಳು, ಮನೆಯಲ್ಲೇ ಉಳಿದು ಕಲಿಯುವ ಹುಡುಗಿಯರಿಗೆ ಉಣಿಸಿ, ಓದು ಹೊಲಿಗೆ ಕಲಿಸಿದವಳು ಆಕೆ. ಗಂಡ ಊರೂರು ಸುತ್ತಿ ಮಲೆಯಾಳ ವ್ಯಾಕರಣಕ್ಕೂ ನಿಘಂಟಿಗೂ ಸಾಮಗ್ರಿ ಕೂಡಿಸುತ್ತಿದ್ದಾಗ ಠಾಣೆಯ ದಿನನಿತ್ಯದ ಸಂಸಾರ ಆಕೆಯ ಹೆಗಲ ಮೇಲಿತ್ತು. ನಿಘಂಟಿನ ಮೇಲೆ ಆತನೊಬ್ಬನ ಹೆಸರಿದೆ.

ಮಲಬಾರಿನ ಸಾಕ್ಷ್ಯವನ್ನು ಗದಗ ಸೀಮೆಗೆ ಹೊಂದಿಸುವುದು ಹೇಗೆ ಎಂದು ಕೇಳಬಹುದು. ಹವೆ, ಭಾಷೆ, ಜಾತಿವ್ಯವಸ್ಥೆ ಎಲ್ಲವೂ ಬೇರೆ ನಿಜ. ಆದರೆ ಠಾಣೆಯ ಕಟ್ಟಳೆ ಒಂದೇ. ಮಿಷನರಿ ಯಾವಾಗ ಮದುವೆಯಾಗಬೇಕು, ಯಾರನ್ನು ಆಗಬೇಕು ಎಂಬುದಕ್ಕೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಮುಖ ನೋಡದ ವರನಿಗಾಗಿ ಎಷ್ಟೋ ವಧುಗಳು ಹಡಗು ಹತ್ತಿ ಬಂದರು. ಮಕ್ಕಳು ಆರೇಳು ವರ್ಷದವರಾಗುತ್ತಲೇ ಯುರೋಪಿಗೆ ಕಳಿಸುವ ರೂಢಿಯಿತ್ತು, ಅದಕ್ಕೆಂದೇ 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳಮನೆ ತೆರೆಯಿತು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಜೂಲಿಯ ಮಗಳು ಮಾರಿ ಎಳವೆಯಲ್ಲೇ ಯುರೋಪಿನಲ್ಲಿ ಉಳಿದವಳು ಮರಳಿ ತಾಯಿಯ ಬಳಿ ಬಂದದ್ದು 1857ರಲ್ಲಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ತಾಯಂದಿರಿಗೂ ಇದೇ ಕಟ್ಟಳೆ. ಸಾಲದ್ದಕ್ಕೆ ಅವರಿದ್ದದ್ದು ಮಳೆ ನಂಬಿದ ಎರೆಭೂಮಿಯಲ್ಲಿ. ದಂಗೆಯೂ ಹತ್ತಿರವೇ ಇತ್ತು. 1858ರ ಮೇ ಕೊನೆಯಲ್ಲಿ ಮುಂಡರಗಿ ಭೀಮರಾಯನ ದಂಡು ಬ್ರಿಟಿಷರ ವಿರುದ್ಧ ಡಂಬಳದಲ್ಲಿ ಎದ್ದು ಕೊಪ್ಪಳದ ಕೋಟೆ ಸೇರಿದಾಗ, ಸಿಂಗಟಾಲೂರಿನ ನೆರೆಯ ಹಮ್ಮಿಗಿಯ ಕೆಂಚನಗೌಡ ಅವನ ಜೊತೆಗಿದ್ದ. ಬೆಟಗೇರಿಯ ಬಂಗಲೆಗೆ ಇದು ದೂರದ ಸುದ್ದಿಯಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಈ ಹೆಂಗಸರು ಆಳುವವರ ನೆರಳಲ್ಲಿ ಬಂದವರು, ಆಳುಕಾಳು ಇದ್ದವರು. ಅವರ ಶಾಲೆಯ ಗುರಿ ಒಳ್ಳೆಯ ಕ್ರೈಸ್ತ ಗೃಹಿಣಿಯರನ್ನು ತಯಾರಿಸುವುದು. ಇದು ಒಪ್ಪತಕ್ಕ ಮಾತೇ. ಜೂಲಿ ಕಟ್ಟುನಿಟ್ಟಿನ ಕ್ಯಾಲ್ವಿನ್ ಪಂಥದವಳು, ಹುಡುಗಿಯರ ಪಾಲಿಗೆ ಬಿಡುಗಡೆಯ ದೇವತೆಯೇನೂ ಅಲ್ಲ. ಆದರೂ ಅಧಿಕಾರದ ನೆರಳಿನಲ್ಲಿ ಇದ್ದುದಕ್ಕೂ ಅಧಿಕಾರ ಕೈಯಲ್ಲಿದ್ದುದಕ್ಕೂ ಅಂತರವಿದೆ. ಅದೇ ಕಾಲದ ಬೇರೊಂದು ಸ್ವಿಸ್ ವಲಸೆಯ ಪಕ್ಕದಲ್ಲಿಟ್ಟರೆ ಇದು ತಿಳಿಯುತ್ತದೆ. 1845ರಲ್ಲಿ ಗ್ಲಾರುಸ್ ಸೀಮೆಯಿಂದ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿ ನ್ಯೂ ಗ್ಲಾರುಸ್ ಕಟ್ಟಿದ ಸ್ವಿಸ್ ಕುಟುಂಬಗಳು ಅಲ್ಲಿ ಬೇರೂರಲೆಂದೇ ಹೋದವು. ಹೊಲ ಮಕ್ಕಳಿಗೆ ಉಳಿಯುತ್ತಿತ್ತು. ಮಿಷನ್ ಮನೆಯ ಹೆಣ್ಣಿಗೆ ಬಂಗಲೆ ಸಂಸ್ಥೆಯದು, ವರ್ಗಾವಣೆ ಸಮಿತಿಯದು, ಮಕ್ಕಳು ಸಮುದ್ರದಾಚೆ. ವಲಸೆಗಾರ್ತಿಯ ಕಷ್ಟವೆಲ್ಲ ಇತ್ತು, ವಲಸೆಯ ಫಲ ಇರಲಿಲ್ಲ.

ಜೂಲಿಯ ಬದುಕು ನಮಗೆ ಇಷ್ಟು ಸ್ಪಷ್ಟವಾಗಿ ಸಿಗುವುದು ಆಕೆಯ ದುಡಿಮೆಯ ಕಾರಣಕ್ಕಲ್ಲ ಎಂಬುದನ್ನೂ ಹೇಳಬೇಕು. ಗಂಡ ದೊಡ್ಡ ವಿದ್ವಾಂಸ. ಮಾರಿಯ ಮಗ ಹರ್ಮನ್ ಹೆಸ್ಸೆ 1946ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ. ಮನೆತನದ ಕಾಗದಪತ್ರಗಳಿಗೆ ಹಾಗಾಗಿ ಬೆಲೆ ಬಂತು. ಬೆಟಗೇರಿಯ ಹೆಂಗಸರಿಗೆ ಅಂಥ ಮೊಮ್ಮಗ ಇರಲಿಲ್ಲ. ಅವರ ಚರಿತ್ರೆ ಬರೆಯಹೊರಟವರು ಮಿಷನ್ ವರದಿಗಳಲ್ಲಿ ಮತಾಂತರದ ಅಂಕಿಗಳನ್ನು ಬದಿಗಿಟ್ಟು, ಹೆಣ್ಣುಮಕ್ಕಳ ಶಾಲೆ, ಹೊಲಿಗೆ, ಔಷಧ, 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಗಳಾದ ಮಕ್ಕಳ ಪಾಲನೆ, ಇವುಗಳ ಲೆಕ್ಕದಿಂದ ಶುರುಮಾಡಬೇಕು. ಹಾಗೆ ಓದಿದರೆ ಮಲಸಮುದ್ರದ ಹೊಲ ಸೋತ ಮೇಲೂ ಬೆಟಗೇರಿಯ ಠಾಣೆ ಯಾರ ದುಡಿಮೆಯಿಂದ ನಿಂತಿತು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.