ಬಯಲಲ್ಲಿ ಭುಜಕ್ಕೊತ್ತಿದ ಕ್ಯಾಮೆರಾ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ಬಂಡೀಪುರದ ಹಾಗೆ ಸಫಾರಿ ಜೀಪಿನ ಕಂಬಿಗೆ ಲೆನ್ಸ್ ಆನಿಸಿ ಕೂರುವ ಅನುಕೂಲವಿಲ್ಲ. ಕೃಷ್ಣಮೃಗದ ಹಿಂಡು ತಲೆಯೆತ್ತಿ ನೋಡಿ ಓಟ ಕಿತ್ತಿತೆಂದರೆ ಟ್ರೈಪಾಡಿನ ಕಾಲು ಬಿಡಿಸುವಷ್ಟೂ ಪುರಸೊತ್ತಿರುವುದಿಲ್ಲ. ಇಂಥ ಬಯಲಿಗೆ ಒಗ್ಗುವ ಹಳೆಯ ಸಾಧನವೊಂದಿದೆ: ಬಂದೂಕಿನ ಹಾಗೆ ಭುಜಕ್ಕೊತ್ತಿ ಹಿಡಿಯುವ ಕ್ಯಾಮೆರಾ ಚೌಕಟ್ಟು. ಅದಕ್ಕೆ ಇಂದಿನ ಡಿಜಿಟಲ್ ಕ್ಯಾಮೆರಾ ಕೂರಿಸುವಾಗ ಭುಜದ ಆಸರೆಯನ್ನು ಉಳಿಸಿಕೊಳ್ಳಬೇಕು, ಬಂದೂಕಿನ ರೂಪವನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಲ್ಪನೆಗೆ ಫೋಟೋಗ್ರಫಿಯಷ್ಟೇ ಅಲ್ಲ, ವಿಜ್ಞಾನದ ನಂಟೂ ಇದೆ. ಹಾರುವ ಹಕ್ಕಿಯ ರೆಕ್ಕೆಬಡಿತ ಅರಿಯಲು ಫ್ರಾನ್ಸಿನ ಶರೀರವಿಜ್ಞಾನಿ ಏತಿಯೆನ್ ಜ್ಯೂಲ್ ಮಾರೆ 1882ರಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆಯುವ ಬಂದೂಕು-ಕ್ಯಾಮೆರಾ ಕಟ್ಟಿದರು. ಮುಂದೆ ಲೈಕಾ ಕ್ಯಾಮೆರಾಕ್ಕೂ ಇಂಥ ಹಿಡಿ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಸೇನೆ ದೂರದ ನೆಲೆಗಳ ಚಿತ್ರ ತೆಗೆಯಲು ಇಂಥದ್ದೇ ಬಂದೂಕು-ಕ್ಯಾಮೆರಾ ಬಳಸಿತು. ಆದರೆ ಸಾಮಾನ್ಯ ಹವ್ಯಾಸಿಯ ಕೈಗೆ ಅದನ್ನು ತಲುಪಿಸಿದ್ದು ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ. ಅಲ್ಲಿ 1965ರಿಂದ ತಯಾರಾದ ಜೆನಿತ್ ಫೋಟೋಸ್ನೈಪರ್ ಇಂದಿಗೂ ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಸಿಗುತ್ತದೆ. ಜರ್ಮನಿಯ ನೋವೋಫ್ಲೆಕ್ಸ್ ಇನ್ನೊಂದು ದಾರಿ ಹಿಡಿಯಿತು. ಅದರ ಹಿಡಿಯನ್ನು ಹಿಚುಕಿದರೆ ಸ್ಪ್ರಿಂಗಿನ ಬಲದಿಂದ ಫೋಕಸ್ ಬದಲಾಗುತ್ತಿತ್ತು.

ನಮ್ಮಲ್ಲಿ ಕಾರ್ಖಾನೆಯ ಸರಕಿಗಿಂತ ಸ್ವಂತ ಜೋಡಣೆಯ ಪರಂಪರೆ ಗಟ್ಟಿ. 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದ ವನ್ಯಜೀವಿ ಛಾಯಾಗ್ರಾಹಕ ಎಂ. ಕೃಷ್ಣನ್ ಬೇರೆಬೇರೆ ಕ್ಯಾಮೆರಾಗಳ ಭಾಗ ಸೇರಿಸಿ ಕಟ್ಟಿಕೊಂಡ ಭಾರಿ ಯಂತ್ರಕ್ಕೆ 'ಸೂಪರ್ ಪಾಂಡರೋಸಾ' ಎಂದು ಹೆಸರಿಟ್ಟಿದ್ದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಕೈಯಿಂದಲೇ ಫೋಕಸ್ ತಿರುಗಿಸಿ ವನ್ಯಜೀವಿ ಛಾಯಾಗ್ರಹಣಕ್ಕೆ ಕರ್ನಾಟಕದಲ್ಲಿ ನೆಲೆ ಒದಗಿಸಿತು.

ಇನ್ನು ಮಾರ್ಪಾಡಿನ ಮಾತು. ಫೋಟೋಸ್ನೈಪರಿನ ಜೀವಾಳ ಅದರ 300 ಮಿ.ಮೀ., ಎಫ್ 4.5ರ ತೈರ್ ಲೆನ್ಸ್. ಎಡಗೈ ಲೆನ್ಸನ್ನು ಹೊರುತ್ತಲೇ ಕೆಳಗಿನ ದೊಡ್ಡ ತಿರುಪನ್ನು ತಿರುಗಿಸಿ ಫೋಕಸ್ ಮಾಡುತ್ತದೆ. ಬಲಗೈ ಕುದುರೆ (ಟ್ರಿಗರ್) ಎಳೆದರೆ ಮೊದಲು ಲೆನ್ಸಿನ ಅಪರ್ಚರ್ ಕಿರಿದಾಗಿ, ಬಳಿಕ ಒಂದು ಕಡ್ಡಿ ಕ್ಯಾಮೆರಾದ ತಳದಿಂದ ಮೇಲೊತ್ತಿ ಶಟರ್ ಬಿಡಿಸುತ್ತದೆ. ಡಿಜಿಟಲ್ ಕ್ಯಾಮೆರಾದ ತಳದಲ್ಲಿ ಅಂಥ ಗುಂಡಿಯಿಲ್ಲ. ಆದ್ದರಿಂದ ಕುದುರೆಯ ಹಿಂದೆ ಎರಡು ಮೈಕ್ರೋಸ್ವಿಚ್ ಕೂರಿಸಿ ಮೂರು ಎಳೆಯ ವೈರನ್ನು ಕ್ಯಾಮೆರಾದ ರಿಮೋಟ್ ಕಿಂಡಿಗೆ ಎಳೆಯಬೇಕು. ಮೊದಲ ಒತ್ತಿಗೆ ಕ್ಯಾಮೆರಾ ಎಚ್ಚೆತ್ತು ಬೆಳಕು ಅಳೆಯುತ್ತದೆ, ಎರಡನೆಯದಕ್ಕೆ ಚಿತ್ರ ಬೀಳುತ್ತದೆ. ರೇಡಿಯೋ ರಿಪೇರಿ ಬಲ್ಲ ಯಾರಿಗಾದರೂ ಒಂದು ಮಧ್ಯಾಹ್ನದ ಕೆಲಸ. ಅಪರ್ಚರಿನ ಸ್ಪ್ರಿಂಗನ್ನು ಪ್ರತಿ ಚಿತ್ರಕ್ಕೂ ಬಿಗಿಯುವ ಗೋಜು ಬೇಡವೆಂದರೆ ಪೂರ್ತಿ ತೆರೆದೇ ಇಟ್ಟುಕೊಳ್ಳುವುದು ಮೇಲು.

ಲೆನ್ಸ್ ಜೋಡಿಸುವಾಗ ಅಂತರದ ಲೆಕ್ಕ ಮುಖ್ಯ. ತೈರ್‌ನಂಥ ಎಂ42 ತಿರುಪಿನ ಲೆನ್ಸಿಗೂ ಸೆನ್ಸರಿಗೂ 45.46 ಮಿ.ಮೀ. ಅಂತರವಿರಬೇಕು. ಕೆನಾನಿನ ಹಳೆಯ ಇಒಎಸ್ ಮಾದರಿಗಳಲ್ಲಿ ಅದು 44 ಆದ್ದರಿಂದ ತೆಳುವಾದ ಅಡಾಪ್ಟರ್ ಸಾಕು. ನಿಕಾನಿನ ಡಿಎಸ್ಎಲ್ಆರ್‌ಗಳಲ್ಲಿ 46.5 ಇರುವುದರಿಂದ ಅಡಾಪ್ಟರಿನಲ್ಲಿ ಗಾಜಿಲ್ಲದಿದ್ದರೆ ದೂರದ ವಸ್ತು ಫೋಕಸ್ಸಿಗೆ ಸಿಗದು. ಈ ಕಗ್ಗಂಟನ್ನು ಬಿಡಿಸಿದ್ದು ಮಿರರ್‌ಲೆಸ್ ಕ್ಯಾಮೆರಾ. ಸೋನಿಯಲ್ಲಿ ಅಂತರ ಬರೀ 18 ಮಿ.ಮೀ., ಉಳಿದುದನ್ನು ಕೊಳವೆಯಂಥ ಅಡಾಪ್ಟರ್ ತುಂಬುತ್ತದೆ. ಫೋಕಸ್ಸಾದ ಅಂಚು ಬಣ್ಣದಲ್ಲಿ ಮಿನುಗುವ ಪೀಕಿಂಗ್ ಸೌಲಭ್ಯ ಹಳೆ ಲೆನ್ಸಿಗೆ ಹೊಸ ಕಣ್ಣು ಕೊಟ್ಟಿತು. ಕ್ಯಾಮೆರಾದೊಳಗಿನ, ಅಲುಗಾಟ ತಡೆಯುವ ಸ್ಥಿರಕಾರಿಗೆ ಲೆನ್ಸಿನ ನಾಭಿದೂರ 300 ಮಿ.ಮೀ. ಎಂದು ನಾವೇ ಬರೆದುಕೊಡಬೇಕು, ಇಲ್ಲವಾದರೆ ಚಿತ್ರ ಇನ್ನಷ್ಟು ಅಲುಗುತ್ತದೆ. ಹಳೆಯ ಜೆನಿತಿನ ಶಟರ್ ಸೆಕೆಂಡಿನ 500ನೇ ಒಂದು ಭಾಗಕ್ಕೇ ನಿಲ್ಲುತ್ತಿತ್ತು. ಈಗ ಐಎಸ್‌ಒ ಏರಿಸಿ 2000ನೇ ಒಂದು ಭಾಗದಲ್ಲೂ ಓಡುವ ಜಿಂಕೆಯ ಗೊರಸು ಹಿಡಿಯಬಹುದು.

ಹಾಗೆಂದು ಎಲ್ಲೆಡೆಗೂ ಇದು ಸಲ್ಲದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಜನ ಅವನ್ನು ತಮ್ಮವೆಂದೇ ಕಾಯುತ್ತಾರೆ. ಕೂತ ಹಕ್ಕಿಗೆ ಟ್ರೈಪಾಡೇ ಸರಿ. ಗೂಡಿಗೆ ಕಡ್ಡಿ ಕಚ್ಚಿ ಬರುವ ಹಕ್ಕಿಯ ಹಾರಾಟಕ್ಕೆ ಮಾತ್ರ ಭುಜದ ಹಿಡಿ ಬೇಕು. ಕೊರಟಗೆರೆ, ಪಾವಗಡದ ಬಂಡೆಗುಡ್ಡಗಳಲ್ಲಿ ಕರಡಿ ಹೊರಬೀಳುವುದು ಮಬ್ಬುಗತ್ತಲಲ್ಲಿ. ಆಗ ಎಫ್ 4.5ರ ಲೆನ್ಸ್ ಸೋಲುತ್ತದೆ, ಕೈಯಿಂದ ಫೋಕಸ್ ಮಾಡುವುದಂತೂ ದೂರದ ಮಾತು. ಇಂದಿನ ಆಟೋಫೋಕಸ್ ಜೂಮ್ ಉಳ್ಳವರಿಗೂ ಹಿಡಿಯ ಉಪಯೋಗ ಇಷ್ಟೇ: 2.3 ಕೆ.ಜಿ. ತೂಗುವ 200-500 ಮಿ.ಮೀ. ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕಾಯುವಾಗ ಭಾರದ ಒಂದು ಪಾಲನ್ನು ಭುಜ ಹೊರುತ್ತದೆ.

ರೂಪದ ವಿಚಾರ ಇನ್ನೂ ಗಂಭೀರ. ಮೈದನಹಳ್ಳಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಅದರ ಬೇಟೆ ಜೈಲಿನ ಅಪರಾಧ. ಅಲ್ಲಿ ಬಂದೂಕಿನಂತೆ ಕಾಣುವುದನ್ನು ಹೆಗಲಿಗೇರಿಸಿ ಹೊಲದ ಬದುವಿನಲ್ಲಿ ನಡೆದರೆ ಕಾವಲುಗಾರರಿಗೂ ಕುರಿಗಾಹಿಗಳಿಗೂ ದಿಗಿಲಾಗುವುದು ಸಹಜ, ಅವರ ದಿಗಿಲು ನ್ಯಾಯವೂ ಹೌದು. ಹೊಸದಾಗಿ ಮಾಡಿಸುವವರು ಕಪ್ಪು ಬಣ್ಣ ಬಿಟ್ಟು ಹಳದಿಯನ್ನೋ ಬಿಳಿಯನ್ನೋ ಬಳಿಸಲಿ, ಪಿಸ್ತೂಲಿನ ಹಿಡಿಯ ಬದಲು ನೇರ ಕೋಲು, ಕುದುರೆಯ ಬದಲು ಹೆಬ್ಬೆರಳ ಗುಂಡಿ ಇಡಿಸಲಿ. ಬಯಲಿಗಿಳಿಯುವ ಮುನ್ನ ಅರಣ್ಯ ಸಿಬ್ಬಂದಿಗೆ ಅದನ್ನು ಕೈಗೆ ಕೊಟ್ಟು ತೋರಿಸಲಿ.