ಒಂದೇ ಎಂಜಿನ್, ಎರಡು ಹಣೆಬರಹ

ಕಾರು ಕೊಳ್ಳಲು ಹೊರಟವರು ನಮ್ಮ ತಾಲ್ಲೂಕುಗಳಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಮೈಲೇಜ್ ಎಷ್ಟು? ಸರ್ವಿಸ್ ಎಲ್ಲಿ? ನಾಳೆ ಮಾರಿದರೆ ಎಷ್ಟು ಬರುತ್ತೆ? ಕೊನೆಯ ಎರಡಕ್ಕೆ ಸಮಾಧಾನದ ಉತ್ತರ ಕೊಡಲಾಗದೆ ಭಾರತದ ಮಾರುಕಟ್ಟೆ ಬಿಟ್ಟ ಕಂಪನಿ ಇಟಲಿಯ ಫಿಯೆಟ್.

ಅದೇನೂ ಹೊಸ ಹೆಸರಲ್ಲ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಫಿಯೆಟ್ 1100 ಕಾರೇ ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಹೆಸರು ಬದಲಾದರೂ ಜನ ಅದನ್ನು ಫಿಯೆಟ್ ಎಂದೇ ಕರೆದರು. ಆಗ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಡೀಲರ್ ಗಿರಾಕಿಯನ್ನು ಓಲೈಸುವ ಅಗತ್ಯವೇ ಇರಲಿಲ್ಲ. ಕೆಟ್ಟರೆ ರಸ್ತೆಬದಿಯ ಮೆಕ್ಯಾನಿಕ್ಕೇ ಗತಿ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಆಟ ಬದಲಾಯಿತು. ಕಾರಿನ ಜೊತೆಗೆ ಮಾರುತಿ ಅಧಿಕೃತ ಸರ್ವಿಸ್ ಸ್ಟೇಷನ್‌ಗಳನ್ನೂ ಸಣ್ಣ ಊರುಗಳವರೆಗೆ ಬೆಳೆಸುತ್ತ ಹೋಯಿತು.

ಫಿಯೆಟ್ 1996ರಲ್ಲಿ ಉನೊ ತಂದಾಗ ಬುಕಿಂಗ್ ಲಕ್ಷ ದಾಟಿತು. ಆದರೆ ಕುರ್ಲಾ ಕಾರ್ಖಾನೆಯ ಕಾರ್ಮಿಕ ಬಿಕ್ಕಟ್ಟಿನಿಂದ ಕಾರು ಕೈಗೆ ಸಿಗುವುದು ತಡವಾಯಿತು. 2001ರ ಪಾಲಿಯೊಗೆ ಸಚಿನ್ ತೆಂಡೂಲ್ಕರ್ ಜಾಹೀರಾತಿತ್ತು, ಗಟ್ಟಿ ಕಾರೆಂಬ ಹೆಸರಿತ್ತು. ಆದರೂ 'ಫಿಯೆಟ್‌ಗೆ ಸರ್ವಿಸ್ ಇಲ್ಲ, ಪಾರ್ಟ್ಸ್ ಸಿಗಲ್ಲ' ಎಂಬ ಮಾತು ಬಿಡಲಿಲ್ಲ.

ಅದನ್ನು ತೊಳೆದುಕೊಳ್ಳಲು ಕಂಪನಿ 2006ರಲ್ಲಿ ಟಾಟಾ ಜೊತೆ ಕೈಜೋಡಿಸಿತು. ಟಾಟಾ ಡೀಲರ್‌ಗಳೇ ಫಿಯೆಟ್ ಮಾರಿ, ಸರ್ವಿಸ್ ಮಾಡತೊಡಗಿದರು. ಮಳಿಗೆಗಳು ಹೆಚ್ಚಾದವು, ಮಾರಾಟ ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ. 2009ರಲ್ಲಿ ಲಿನಿಯಾ, ಪುಂಟೊ ಬಂದಾಗ ಅದೇ ಸೂರಿನಡಿ ಟಾಟಾದ ಇಂಡಿಕಾ ವಿಸ್ಟಾವೂ ನಿಂತಿತ್ತು, ಅದೂ ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಹೊತ್ತು. 2012ರಲ್ಲಿ ಆ ಒಪ್ಪಂದ ಮುರಿಯಿತು. ಫಿಯೆಟ್ ತನ್ನದೇ ಡೀಲರ್‌ಗಳನ್ನು ಹುಡುಕಿತು, ಆದರೆ ಹೊತ್ತು ಮೀರಿತ್ತು.

ಸೋಜಿಗವೆಂದರೆ, ಫಿಯೆಟ್‌ನಿಂದ ಲೈಸೆನ್ಸ್ ಪಡೆದು ಮಾನೇಸರದಲ್ಲಿ ತಯಾರಿಸಿದ ಅದೇ ಎಂಜಿನ್ 2007ರಿಂದ ಮಾರುತಿ ಸ್ವಿಫ್ಟ್‌ನಲ್ಲಿತ್ತು. ಸ್ವಿಫ್ಟ್ ಡೀಸೆಲ್‌ಗೆ ಜನ ತಿಂಗಳುಗಟ್ಟಲೆ ಕಾದರು. ಎಂಜಿನ್ ಒಂದೇ, ಬಾನೆಟ್ ಮೇಲಿನ ಬಿಲ್ಲೆ ಬೇರೆ, ಬಿಲ್ಲೆಯ ಹಿಂದಿನ ಭರವಸೆ ಬೇರೆ.

ಈ ಭರವಸೆಯನ್ನು 'ಬ್ರ್ಯಾಂಡ್ ಮೋಹ' ಎಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಬಾಡಿಗೆ ಓಡಿಸುವವನಿಗೆ ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ಸಂಪಾದನೆಯಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಜಿಲ್ಲಾ ಕೇಂದ್ರದಲ್ಲೂ ಪಾರ್ಟ್ಸ್ ಸಿಗದ ಕಾರನ್ನು ಎರಡನೇ ಕೈಯವರು ಕಡಿಮೆ ಬೆಲೆಗೇ ಕೇಳುತ್ತಾರೆ. ಈಗ ಎಲೆಕ್ಟ್ರಿಕ್ ಕಾರು ತರುತ್ತಿರುವ ಹೊಸ ಕಂಪನಿಗಳಿಗೂ ನಮ್ಮ ಜನ ಕೇಳುವುದು ಅದನ್ನೇ: ಸರ್ವಿಸ್ ಎಲ್ಲಿ?