ಆಶ್ರಯಧಾಮಗಳ ಸುರಕ್ಷತೆ: ಕಾನೂನು ಹೇಳುವುದೇನು, ಮನೆಯೊಳಗೆ ಬೇಕಾದುದೇನು

ಬಂಟ್ವಾಳ ತಾಲ್ಲೂಕಿನ ಗಡಿಗ್ರಾಮ ಕನ್ಯಾನದ ಹೆಸರೆತ್ತಿದರೆ ದಕ್ಷಿಣ ಕನ್ನಡದ ಹಲವರಿಗೆ ನೆನಪಾಗುವುದು ಭಾರತ ಸೇವಾಶ್ರಮ. ಬಂಗಾಳ ಮೂಲದ ಧೀರೇಂದ್ರನಾಥ ಭಟ್ಟಾಚಾರ್ಯರು ಕಟ್ಟಿದ ಈ ಸಂಸ್ಥೆ ಅನಾಥ ಮಕ್ಕಳಿಗೂ ವೃದ್ಧರಿಗೂ ಆಸರೆಯಾಗಿದೆ. ಬೆಳ್ತಂಗಡಿ ಕಡೆ ನೆರಿಯದ ಗಂಡಿಬಾಗಿಲಿನಲ್ಲಿ ಸಿಯೋನ್ ಆಶ್ರಮವಿದೆ. ಇಂಥ ಮನೆಗಳನ್ನು ನಡೆಸುವುದು ಬಹುಪಾಲು ಊರವರ ಉದಾರತೆ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ಹೊತ್ತಿನ ಊಟ ಕೊಡಲು ಜನ ಮುಂದೆ ಬರುತ್ತಾರೆ. ಬಚ್ಚಲಿಗೆ ಹಿಡಿಕಂಬಿ ಹಾಕಿಸಲು, ರಾತ್ರಿ ಪಾಳಿಯ ದಾದಿಗೆ ಸಂಬಳ ಕೊಡಲು ಬರುವವರು ಕಡಿಮೆ. ಸುರಕ್ಷತೆಯ ಖರ್ಚು ಇರುವುದು ಅಲ್ಲೇ.

ಯಾವ ಮನೆಗೆ ಯಾವ ಕಾಯ್ದೆ

ಮಕ್ಕಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಸರ್ಕಾರದ ಅನುದಾನ ಪಡೆಯಲಿ, ಬಿಡಲಿ, ಮಕ್ಕಳ ಪಾಲನಾ ಸಂಸ್ಥೆಯ ನೋಂದಣಿ ಕಡ್ಡಾಯ. ಕೇಂದ್ರದ 2016ರ ಮಾದರಿ ನಿಯಮಗಳು ಅಳತೆಯನ್ನೂ ಕೊಟ್ಟಿವೆ: 50 ಮಕ್ಕಳ ಮನೆಗೆ ತಲಾ 1,000 ಚದರ ಅಡಿಯ ಎರಡು ಮಲಗುವ ಕೋಣೆ, 5 ಬಚ್ಚಲು, 8 ಶೌಚಾಲಯ. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು. ಅದರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಲೇಬೇಕು.

ವೃದ್ಧರಿಗೆ ಇಷ್ಟು ಸ್ಪಷ್ಟ ಲೆಕ್ಕ ಸಿಗುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯು, ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯಗಳು ತೆರೆಯಬಹುದು ಎನ್ನುತ್ತದೆ. ಅಲ್ಲಿನ ಸೌಕರ್ಯದ ಮಟ್ಟ ನಿಗದಿಪಡಿಸುವ ಕೆಲಸವನ್ನು ರಾಜ್ಯಗಳಿಗೇ ಬಿಟ್ಟಿದೆ. ಅದನ್ನು ಬಿಗಿಗೊಳಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ. ಎಂಬತ್ತು ದಾಟಿದ ಅಜ್ಜಿಗೂ ಎಂಟು ವರ್ಷದ ಮಗುವಿಗೂ ಬೇಕಾದ ಕಾವಲು ಒಂದೇ ತೆರನಾದುದು. ಕಾನೂನು ಮಾತ್ರ ಒಂದೇ ಅಲ್ಲ. ಇದು ಸರಿಯಾಗಬೇಕು.

ಬಚ್ಚಲು, ಅಂಗಳ, ರಾತ್ರಿ

ಮುಪ್ಪಿನಲ್ಲಿ ಬೀಳುವುದೆಂದರೆ ಸಣ್ಣ ಮಾತಲ್ಲ. ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವುದು, ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ಹುಣ್ಣಾದರೆ ನಂಜು. ನಮ್ಮ ಕಡೆಯ ಮಳೆಗಾಲದಲ್ಲಿ ಕೆಂಪುಕಲ್ಲಿನ ಮೆಟ್ಟಿಲು, ಅಂಗಳ ಎಲ್ಲವೂ ಪಾಚಿಗಟ್ಟುತ್ತವೆ. ಕರೆಂಟು ಹೋದರೆ ಇಡೀ ರಾತ್ರಿ ಕತ್ತಲು. ಆದ್ದರಿಂದ ಜೂನ್‌ಗೆ ಮುಂಚೆ ಪಾಚಿ ಉಜ್ಜಿಸಬೇಕು, ಹಾಸಿಗೆಯಿಂದ ಶೌಚಾಲಯದವರೆಗೆ ಕರೆಂಟಿಲ್ಲದಾಗಲೂ ಉರಿಯುವ ದೀಪವಿರಬೇಕು, ಬಚ್ಚಲಿನ ಗೋಡೆಗೆ ಗಟ್ಟಿ ಹಿಡಿಕಂಬಿ ಬೇಕು. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಹೊತ್ತನ್ನು ಹಾಳೆಯಲ್ಲಿ ಬರೆದಿಡುವ ರೂಢಿಯಿದ್ದರೆ ಪಾಳಿ ಬದಲಾದಾಗ ಮರೆವು ಬರುವುದಿಲ್ಲ. ಮಾತ್ರೆಗಳಿಗೂ ಇದೇ ಕ್ರಮ.

ಕನ್ಯಾನದಂಥ ಗಡಿಯೂರಿನಲ್ಲಿ ಮಾತೂ ಸುರಕ್ಷತೆಯ ಭಾಗ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲವೂ ಇಲ್ಲಿವೆ. ಮರೆವಿನ ಕಾಯಿಲೆ ಬಂದವರಿಗೆ ಹಲವು ಸಲ ಕೊನೆಗೆ ಉಳಿಯುವುದು ಮನೆಮಾತು. ಎಲ್ಲಿ ನೋವೆಂದು ಅವರು ಹೇಳಿದರೆ ಅರ್ಥವಾಗುವ ಒಬ್ಬರಾದರೂ ಸಿಬ್ಬಂದಿಯಲ್ಲಿರಬೇಕು.

ಏರ್ವಾಡಿಯ ಬೆಂಕಿ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಸುಪ್ರೀಂ ಕೋರ್ಟ್ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ಮಾನಸಿಕ ಆರೋಗ್ಯ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ. ಕಳ್ಳರ ಹೆದರಿಕೆಗೋ ಒಳಗಿನವರು ಹೊರಟುಹೋದಾರೆಂಬ ಭಯಕ್ಕೋ ರಾತ್ರಿ ಹೊರಗಿನಿಂದ ಬೀಗ ಹಾಕುವ ಯಾವ ಮನೆಯೂ ಈ ಘಟನೆಯನ್ನು ಮರೆಯಬಾರದು.

ದೂರು ಎಲ್ಲಿಗೆ

ಮಕ್ಕಳಿಗೆ 1098, ಹಿರಿಯರಿಗೆ 14567 ಸಹಾಯವಾಣಿ. ಮಕ್ಕಳಿಂದ ಜೀವನಾಂಶ ಬೇಕೆಂದರೆ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಬಂಟ್ವಾಳದವರಿಗೆ ಮಂಗಳೂರು, ಬೆಳ್ತಂಗಡಿಯವರಿಗೆ ಪುತ್ತೂರು. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ತೊರೆದುಹೋದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆಶ್ರಮದ ಗೇಟಿನ ಬಳಿ ಬಿಟ್ಟುಹೋಗುವುದೂ ತೊರೆಯುವುದೇ.